ಎಸ್‌ಎಸ್‌ಡಿ ನಿರ್ವಹಣೆಗೆ ವಿಂಡೋಸ್‌ನಲ್ಲಿರುವ ಸಾಧನವೇ ಸಾಕೇ? ಅನುಭವ ಹಂಚಿಕೊಳ್ಳಿ

ಡಿಟಿಪಿ ಅಂಗಡಿ, ವಿದ್ಯಾನಗರ, ದಾವಣಗೆರೆ: ನನ್ನ ಗಣಕದಲ್ಲಿ 256 ಜಿಬಿಯ ಎಸ್‌ಎಸ್‌ಡಿ (ಫ್ಲ್ಯಾಶ್ ಮೆಮೊರಿಯ ಡಿಸ್ಕ್) ಇದ್ದು, ಈಗ 11 ಜಿಬಿ ಮಾತ್ರ ಖಾಲಿ ಉಳಿದಿದೆ. ಲಗ್ನಪತ್ರಿಕೆಯ ಕಡತ ಉಳಿಸುವಾಗ ಗಣಕ ಬಹಳ ಹೊತ್ತು ನಿಂತುಬಿಡುತ್ತದೆ. ವಿಂಡೋಸ್‌ನ ‘ಆಪ್ಟಿಮೈಸ್’ ಒತ್ತಿದರೆ ಸಾಕೇ, ಬೇರೆ ತಂತ್ರಾಂಶ ಕೊಳ್ಳಬೇಕೇ? ಬಳಸಿದವರು ದಯವಿಟ್ಟು ತಿಳಿಸಿ.

ಫೋಟೊ ಸ್ಟುಡಿಯೊ, ಚಿತ್ರದುರ್ಗ: ತಂತ್ರಾಂಶ ಕೊಳ್ಳುವ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಅಂಗಡಿಯವರೊಬ್ಬರು ಡಿಸ್ಕಿನ ಆಯುಷ್ಯ ಹೆಚ್ಚುತ್ತದೆಂದು ಹೇಳಿ ನನಗೊಂದು ತಂತ್ರಾಂಶ ಕೊಟ್ಟರು. ವರ್ಷದ ಪರವಾನಗಿಗೆ 1,499 ರೂಪಾಯಿ, ಹಾಕಿಕೊಡಲು 400 ರೂಪಾಯಿ. ಅದು ಡಿಸ್ಕಿಗೆ ಆಗುವ ಬರಹ ಕಡಿಮೆ ಮಾಡುವ ನೆಪದಲ್ಲಿ, ರ‍್ಯಾಮ್ ಸಾಲದಾಗ ನೆರವಿಗೆ ಡಿಸ್ಕಿನಲ್ಲಿರುವ ಪೇಜ್‌ಫೈಲನ್ನು ತೆಗೆದುಹಾಕಿತು, ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಗಣಕ ಆರಿಸುವ ಹೈಬರ್ನೇಷನ್ ನಿಲ್ಲಿಸಿತು, ವಿಂಡೋಸ್ ತಾನಾಗಿ ವಾರಕ್ಕೊಮ್ಮೆ ಮಾಡುತ್ತಿದ್ದ ಆಪ್ಟಿಮೈಸ್ ಕೆಲಸವನ್ನೂ ರದ್ದು ಮಾಡಿತು. ಆಮೇಲೆ ಮದುವೆ ಆಲ್ಬಂ ಮಾಡುವಾಗಲೆಲ್ಲ ಮೆಮೊರಿ ಸಾಲದೆಂದು ಫೋಟೊಶಾಪ್ ಮುಚ್ಚಿಕೊಳ್ಳತೊಡಗಿತು. ಅದೇ ಅಂಗಡಿಯವರು ರ‍್ಯಾಮ್ ಹೆಚ್ಚಿಸಬೇಕೆಂದು ಇನ್ನೂ 2,600 ರೂಪಾಯಿ ಪಡೆದರು. ಒಟ್ಟು 4,499 ರೂಪಾಯಿ! ತಂತ್ರಾಂಶವನ್ನು ಕಿತ್ತುಹಾಕಿದರೂ ಅದು ಬದಲಿಸಿದ್ದ ವ್ಯವಸ್ಥೆಗಳು ಹಿಂದಿರುಗಲಿಲ್ಲ. ಒಂದೊಂದನ್ನೂ ಹುಡುಕಿ ನಾನೇ ಸರಿಪಡಿಸಬೇಕಾಯಿತು. ಆಪ್ಟಿಮೈಸ್ ಮಾಡುವುದು ಟ್ರಿಮ್, ಅಂದರೆ ಅಳಿಸಿದ ಕಡತಗಳ ಜಾಗ ಇನ್ನು ಬೇಡವೆಂದು ಡಿಸ್ಕಿಗೆ ತಿಳಿಸುವ ಕೆಲಸ. ಈ ಸೌಲಭ್ಯ 2009ರ ವಿಂಡೋಸ್ 7ರಿಂದಲೇ ಇದೆ. ‘ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ’ ಆಜ್ಞೆಗೆ ಸೊನ್ನೆ ಎಂಬ ಉತ್ತರ ಬಂದರೆ ಅದು ಚಾಲೂ ಇದೆಯೆಂದು ಅರ್ಥ. ನಾನು 500 ಜಿಬಿಯಲ್ಲಿ 80 ಜಿಬಿಯನ್ನು ಖಾಲಿ ಬಿಟ್ಟಿದ್ದೇನೆ. ತಯಾರಕರು 300 ಟೆರಾಬೈಟ್ ಬರಹದವರೆಗೆ ಖಾತರಿ ಕೊಟ್ಟಿರುವ ಡಿಸ್ಕಿನಲ್ಲಿ, ಇಷ್ಟು ಆಲ್ಬಂ ಕೆಲಸದ ನಂತರವೂ 41 ಟೆರಾಬೈಟ್ ಮಾತ್ರ ದಾಖಲಾಗಿದೆ.

ಲೆಕ್ಕಪತ್ರ ಬರೆಯುವವರು, ಮಂಡಿಪೇಟೆ, ದಾವಣಗೆರೆ: ಸ್ಟುಡಿಯೊದವರು ಹೊಗಳುವ ಟ್ರಿಮ್‌ನಿಂದಲೇ ನನಗೆ ನಷ್ಟವಾಯಿತು. ನಮ್ಮ ಸಹಾಯಕ ಅಡಿಕೆ ವ್ಯಾಪಾರಿಯೊಬ್ಬರ ಟ್ಯಾಲಿ ಲೆಕ್ಕದ ಫೋಲ್ಡರನ್ನು, ಮರುಬಳಕೆ ಬುಟ್ಟಿಗೂ ಹೋಗದಂತೆ ಶಿಫ್ಟ್ ಒತ್ತಿ ಅಳಿಸಿಬಿಟ್ಟ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹೀಗಾದಾಗ ಇಲ್ಲಿಯೇ 800 ರೂಪಾಯಿಗೆ ಎಲ್ಲವೂ ಮರಳಿ ಸಿಕ್ಕಿತ್ತು. ಈ ಸಲ ಬೆಂಗಳೂರಿಗೆ ಕಳುಹಿಸಲು ಕೊರಿಯರ್‌ಗೆ 240, ಪರೀಕ್ಷೆಗೆ 2,000 ರೂಪಾಯಿ ಕೊಟ್ಟ ಮೇಲೆ, ಆ ಜಾಗಗಳಲ್ಲಿ ಸೊನ್ನೆಯ ಹೊರತು ಏನೂ ಇಲ್ಲ ಎಂಬ ಉತ್ತರ ಬಂತು. ಬಿಲ್ಲುಗಳನ್ನು ಮತ್ತೆ ಕೂರಿಸಲು ಆಪರೇಟರ್‌ಗೆ 6,000 ರೂಪಾಯಿ ಹೋಯಿತು. ಈಗ ಟ್ರಿಮ್ ನಿಲ್ಲಿಸಿದ್ದೇನೆ. ಡಿಸ್ಕಿನ ಆಯುಷ್ಯ ಕಡಿಮೆಯಾದರೆ ಆಗಲಿ, ಹೊಸದು ಸಿಗುತ್ತದೆ. ಗ್ರಾಹಕರ ಲೆಕ್ಕ ಸಿಗುವುದಿಲ್ಲ.

ಫೋಟೊ ಸ್ಟುಡಿಯೊ, ಚಿತ್ರದುರ್ಗ: ಪರರ ಲೆಕ್ಕವನ್ನು ಒಂದೇ ಕಡೆ ಇಟ್ಟುಕೊಂಡು ಟ್ರಿಮ್ ಅನ್ನು ದೂರುವುದು ನ್ಯಾಯವಲ್ಲ ಸ್ವಾಮಿ. ಪ್ರಶ್ನೆ ಕೇಳಿದವರು ನಿಮ್ಮ ಮಾತು ನಂಬಿ ಟ್ರಿಮ್ ನಿಲ್ಲಿಸಿದರೆ ಅವರ ಡಿಸ್ಕ್ ಇನ್ನಷ್ಟು ನಿಧಾನವಾಗುತ್ತದೆ.

ಲೆಕ್ಕಪತ್ರ ಬರೆಯುವವರು, ಮಂಡಿಪೇಟೆ: ಕಳೆದುಕೊಂಡವನು ನಾನು. ನ್ಯಾಯ ಹೇಳಲು ತಮಗೆ 4,499 ರೂಪಾಯಿಯ ಅನುಭವ ಸಾಲದು.

ಕಾಲೇಜು ಪ್ರಯೋಗಾಲಯದ ನಿರ್ವಾಹಕಿ, ದಾವಣಗೆರೆ: ಇಬ್ಬರೂ ಕೋಪ ಬಿಟ್ಟು ಕೇಳಬೇಕು. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ಅನೇಕ ಪುಟಗಳ ಬ್ಲಾಕನ್ನು ಒಟ್ಟಾಗಿ. ಯಾವ ಪುಟ ಬೇಡವೆಂದು ಕಾರ್ಯಾಚರಣಾ ವ್ಯವಸ್ಥೆ ಮುಂಚಿತವಾಗಿ ತಿಳಿಸದಿದ್ದರೆ, ಸತ್ತ ದತ್ತಾಂಶವನ್ನೂ ಡಿಸ್ಕ್ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುತ್ತದೆ. ವೇಗವೂ ಆಯುಷ್ಯವೂ ಅಲ್ಲಿಯೇ ಸೋರಿಹೋಗುತ್ತವೆ. ಮರುಬಳಕೆ ಬುಟ್ಟಿಯಲ್ಲಿರುವ ಕಡತಕ್ಕೆ ಟ್ರಿಮ್ ತಗಲುವುದಿಲ್ಲ, ಬುಟ್ಟಿ ಖಾಲಿ ಮಾಡಿದ ಮೇಲಷ್ಟೇ ತಗಲುತ್ತದೆ. ಆದ್ದರಿಂದ ಶಿಫ್ಟ್ ಒತ್ತುವ ಅಭ್ಯಾಸವನ್ನು ಸಹಾಯಕರಿಗೆ ಬಿಡಿಸುವುದು ಟ್ರಿಮ್ ನಿಲ್ಲಿಸುವುದಕ್ಕಿಂತ ಸುಲಭ. ನಮ್ಮ ಪ್ರಯೋಗಾಲಯದಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್. ಅಲ್ಲಿ ‘ಎಫ್‌ಎಸ್‌ಟ್ರಿಮ್’ ಟೈಮರ್ ವಾರಕ್ಕೊಮ್ಮೆ ತಾನೇ ಓಡುತ್ತದೆ. ನಾವು ಕಷ್ಟಪಟ್ಟಿದ್ದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದ್ದ ಎಸ್‌ಎಸ್‌ಡಿಗಳಿಗೆ. ಅಗ್ಗದ ಡಬ್ಬಿಯ ಚಿಪ್ ಟ್ರಿಮ್ ಆಜ್ಞೆಯನ್ನು ಒಳಗೆ ದಾಟಿಸುತ್ತಲೇ ಇರಲಿಲ್ಲ. ಡಬ್ಬಿಗೆ 1,150 ರೂಪಾಯಿಯಂತೆ ಬೇರೆಯವನ್ನು ತರಿಸಿ, ಅದಕ್ಕೆ ಮಂಜೂರಾತಿ ಪಡೆಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು.

ಗಣಕ ದುರಸ್ತಿ, ಹಿರಿಯೂರು: ‘ಆಪ್ಟಿಮೈಸ್’ ಎಂದರೆ ಬರೀ ಟ್ರಿಮ್ ಎಂಬಂತೆ ಎಲ್ಲರೂ ಬರೆದಿದ್ದೀರಿ, ಅದು ಪೂರ್ಣ ಸತ್ಯವಲ್ಲ. ಗಣಕವನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್ ಚಾಲೂ ಇದ್ದರೆ ವಿಂಡೋಸ್ ಆಗಾಗ ಎಸ್‌ಎಸ್‌ಡಿಯನ್ನೂ ಡಿಫ್ರಾಗ್ ಮಾಡುತ್ತದೆ, ಅಂದರೆ ಚೂರಾಗಿ ಹರಡಿದ ಕಡತಗಳನ್ನು ಒಗ್ಗೂಡಿಸುತ್ತದೆ.

ಫೋಟೊ ಸ್ಟುಡಿಯೊ, ಚಿತ್ರದುರ್ಗ: ಎಸ್‌ಎಸ್‌ಡಿಗೆ ಡಿಫ್ರಾಗ್ ಸಲ್ಲದೆಂದು ಮಕ್ಕಳಿಗೂ ಗೊತ್ತು. ಹೀಗೆ ಹೆದರಿಸಿಯೇ ನನಗೆ ಆ ತಂತ್ರಾಂಶ ಮಾರಿದ್ದು.

ಗಣಕ ದುರಸ್ತಿ, ಹಿರಿಯೂರು: ನಾನು ಏನನ್ನೂ ಮಾರುತ್ತಿಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕಡತಗಳು ವಿಪರೀತ ಚೂರಾದರೆ ಸಿಸ್ಟಂ ರಿಸ್ಟೋರ್ ಬಳಸುವ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ಕೆಲಸ ನಿಧಾನವಾಗುತ್ತದೆ, ಕಡತ ವ್ಯವಸ್ಥೆಗೂ ಎಷ್ಟು ಚೂರುಗಳ ಲೆಕ್ಕ ಇಡಬಹುದೆಂಬ ಮಿತಿಯಿದೆ; ಅದಕ್ಕಾಗಿಯೇ ಹಾಗೆ ಮಾಡುತ್ತದೆ. ಅದರಿಂದ ಹಾನಿಯಿಲ್ಲ. ದಿನವೂ ಕೈಯಾರೆ ಡಿಫ್ರಾಗ್ ಮಾಡುವುದು ಮಾತ್ರ ವ್ಯರ್ಥ.

ಲೆಕ್ಕಪತ್ರ ಬರೆಯುವವರು, ಮಂಡಿಪೇಟೆ: ಮೇಡಂ, ತಮ್ಮ ಮಾತನ್ನು ಒಪ್ಪುತ್ತೇನೆ. ಬುಟ್ಟಿಯ ವಿಷಯ ಸಹಾಯಕನಿಗೆ ಹೇಳಿದ್ದೇನೆ. ಹಳೆಯ ಎಸ್‌ಎಸ್‌ಡಿಯೊಂದರಲ್ಲಿ ಲೆಕ್ಕಗಳ ಪ್ರತಿ ತೆಗೆದು ಬೀರುವಿನಲ್ಲಿಡುತ್ತೇನೆ. ಆದರೆ ಟ್ರಿಮ್ ಸದ್ಯಕ್ಕೆ ನಿಂತೇ ಇರಲಿ.

ಗಣಕ ದುರಸ್ತಿ, ಹಿರಿಯೂರು: ಸವೆದ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಡಬೇಡಿ. ಬರಹದ ಮಿತಿ ಮುಗಿದ ಡಿಸ್ಕ್, ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕೆಂಬುದು ಮೆಮೊರಿ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಬಿಸಿ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ, ನಮ್ಮ ಕಡೆಯ ಏಪ್ರಿಲ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆ ಕೆಲಸಕ್ಕೆ ಹಾರ್ಡ್‌ಡಿಸ್ಕೇ ಇರಲಿ.

ಕಾಲೇಜು ಪ್ರಯೋಗಾಲಯದ ನಿರ್ವಾಹಕಿ, ದಾವಣಗೆರೆ: ಹೆಚ್ಚು ಸವೆಯದ ಡಿಸ್ಕ್ ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು, ಸವೆತ ಎಷ್ಟೆಂದು ‘ಸ್ಮಾರ್ಟ್‌ಸಿಟಿಎಲ್’ ಎಂಬ ತಂತ್ರಾಂಶ ತೋರಿಸುತ್ತದೆ. ಪ್ರಶ್ನೆ ಕೇಳಿದವರಿಗೆ: 256ರಲ್ಲಿ 11 ಜಿಬಿ ಖಾಲಿ ಇದ್ದರೆ ಯಾವ ಸಾಧನವೂ ನೆರವಾಗದು. ಹಳೆಯ ಲಗ್ನಪತ್ರಿಕೆಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿ, ಕನಿಷ್ಠ 40 ಜಿಬಿ ತೆರವು ಮಾಡಿ, ನಂತರ ಆಪ್ಟಿಮೈಸ್ ಒತ್ತಿ.