ಭಿನ್ನಾಭಿಪ್ರಾಯ ದ್ವೇಷವಾಗುವುದು ಎಲ್ಲಿ?

ಪ್ರಶ್ನೆ:
ರಾಜಕೀಯ ನಿಲುವುಗಳು ಬೇರೆಬೇರೆಯಾಗಿರುವುದು ಸಹಜ. ಅದಿಲ್ಲದಿದ್ದರೆ ಚುನಾವಣೆಗೇ ಅರ್ಥವಿರುವುದಿಲ್ಲ. ಆದರೆ ಹಳೆಯ ಸ್ನೇಹಿತರು, ಒಡಹುಟ್ಟಿದವರು ಕೂಡ ಪಕ್ಷದ ಕಾರಣಕ್ಕೆ ಮಾತು ಬಿಡುತ್ತಿರುವುದನ್ನು ನೋಡಿದರೆ, ಇದು ತೆರಿಗೆ ಅಥವಾ ವಲಸೆ ನೀತಿಯ ಕುರಿತ ವಾದವಾಗಿ ಉಳಿದಿಲ್ಲ, ಎದುರಿಗಿರುವವರ ಯೋಗ್ಯತೆಯ ಮೇಲಿನ ತೀರ್ಪಾಗಿದೆ ಎನಿಸುತ್ತದೆ. ಇದಕ್ಕೆ ಸಾಮಾಜಿಕ ಜಾಲತಾಣಗಳೇ ಕಾರಣವೆ? ಎದುರು ಪಕ್ಷದ ವಾದಗಳನ್ನೂ ಎಲ್ಲರೂ ಓದುವಂತಾದರೆ ಈ ಬಿರುಕು ಮುಚ್ಚೀತೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಪ್ರತಿಕ್ರಿಯೆ:
ನೀತಿಗಳ ನಡುವಣ ಅಂತರ ಬೇರೆ, ಎದುರು ಗುಂಪಿನ ಜನರ ಬಗೆಗಿನ ಅಸಹನೆ ಬೇರೆ ಎಂದು ತಾವು ಸರಿಯಾಗಿಯೇ ಗುರುತಿಸಿದ್ದೀರಿ. ಎರಡನೆಯದನ್ನು ಸಂಶೋಧಕರು ಭಾವನಾತ್ಮಕ ಧ್ರುವೀಕರಣ ಎಂದು ಕರೆಯುತ್ತಾರೆ. ಮಕ್ಕಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆ ಎಂದವರು ಅಮೆರಿಕದ 1960ರ ಸಮೀಕ್ಷೆಯಲ್ಲಿ ಶೇಕಡಾ 5ರ ಆಸುಪಾಸಿನಲ್ಲಿದ್ದರು; 2010ರ ಹೊತ್ತಿಗೆ ಅಲ್ಲಿನ ಎರಡು ಮುಖ್ಯ ಪಕ್ಷಗಳ ಪೈಕಿ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಹಾಗೆ ಹೇಳಿದರು. ಇನ್ನೂ ಕಳವಳಕಾರಿಯಾದ ಸಂಗತಿಯೆಂದರೆ, ಗುಂಪುಗಾರಿಕೆಗೆ ದೊಡ್ಡ ಕಾರಣವೇ ಬೇಕಿಲ್ಲ. ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ನಡೆಸಿದ ಪ್ರಯೋಗಗಳಲ್ಲಿ, ಯಾವ ಚಿತ್ರಕಾರ ಹೆಚ್ಚು ಇಷ್ಟ ಎಂಬಂಥ ಕ್ಷುಲ್ಲಕ ನೆಪದಿಂದ ವಿಂಗಡಿಸಲಾದ ಹುಡುಗರು ಕೂಡ ಹಣ ಹಂಚುವಾಗ ತಮ್ಮ ಗುಂಪಿನವರ ಪರವಾಗಿಯೇ ವಾಲಿದರು.

ಎರಡನೆಯ ಪ್ರತಿಕ್ರಿಯೆ:
ಜಾಲತಾಣಗಳ ಪಾತ್ರವಿದೆ, ಆದರೆ ಎಲ್ಲ ಹೊಣೆಯನ್ನೂ ಅವುಗಳ ಮೇಲೆ ಹೊರಿಸಲಾಗದು. ಅಮೆರಿಕದ ಅಂಕಿಅಂಶಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಧ್ರುವೀಕರಣ ಹೆಚ್ಚು ಬೆಳೆದದ್ದು ಅಂತರ್ಜಾಲವನ್ನು ಅತಿ ಕಡಿಮೆ ಬಳಸುವ ಹಿರಿಯರಲ್ಲಿ. ತಮ್ಮ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವಂತೂ ನಿರಾಶಾದಾಯಕ. ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳು ಎದುರು ಪಾಳಯದ ಸಂದೇಶಗಳನ್ನು ತೋರಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ಅದರಲ್ಲಿ ರಿಪಬ್ಲಿಕನ್ನರು ಸೌಮ್ಯರಾಗುವ ಬದಲು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಮುಖಪರಿಚಯವಿಲ್ಲದವರ ವಾದ, ಅದೂ ನಾಯಕರ ಬಾಯಿಂದ ಬಂದದ್ದು, ಆಕ್ರಮಣದಂತೆ ಕೇಳಿಸುತ್ತದೆ ಎಂದು ನನಗನಿಸುತ್ತದೆ.

ಮೂರನೆಯ ಪ್ರತಿಕ್ರಿಯೆ:
ಹಾಗೆಂದು ಕೈಚೆಲ್ಲಬೇಕಿಲ್ಲ. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದಂತೆ, ಎರಡು ಗುಂಪಿನವರು ಸಮಾನ ಸ್ಥಾನದಲ್ಲಿ ಕುಳಿತು, ಸಂಸ್ಥೆಗಳ ಬೆಂಬಲದೊಂದಿಗೆ, ಒಂದೇ ಗುರಿಗಾಗಿ ದುಡಿದಾಗ ಪೂರ್ವಗ್ರಹ ತಗ್ಗುತ್ತದೆ. ಐರ್ಲೆಂಡಿನಲ್ಲಿ ಗರ್ಭಪಾತದಂಥ ಸೂಕ್ಷ್ಮ ವಿಷಯವನ್ನು ಯಾದೃಚ್ಛಿಕವಾಗಿ ಆರಿಸಿದ 99 ನಾಗರಿಕರ ಸಭೆಗೆ ಒಪ್ಪಿಸಲಾಯಿತು. ಅವರು ಹಲವು ವಾರಾಂತ್ಯಗಳಲ್ಲಿ ತಜ್ಞರ ಮಾತು ಕೇಳಿ, ಮೇಜಿನ ಸುತ್ತ ಕುಳಿತು ಚರ್ಚಿಸಿ ಶಿಫಾರಸು ನೀಡಿದರು. 2018ರ ಜನಮತಗಣನೆಯಲ್ಲಿ ಶೇಕಡಾ 66.4ರಷ್ಟು ಮತದಾರರು ಗರ್ಭಪಾತಕ್ಕೆ ಅವಕಾಶ ಕೊಡುವ ಸಂವಿಧಾನದ ಬದಲಾವಣೆಗೆ ಒಪ್ಪಿದರು. ಆ ಪ್ರಶ್ನೆಯಲ್ಲಿ ಸೋತವರೂ ಇದ್ದರು, ಆದರೆ ಅವರ ವಾದವನ್ನೂ ಸಭೆ ಪೂರ್ತಿಯಾಗಿ ಕೇಳಿತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿಯಿತು: ಒಂದು ಪಕ್ಷ ಇನ್ನೊಬ್ಬರ ಹಕ್ಕನ್ನೇ ನಿರಾಕರಿಸುತ್ತಿದ್ದಾಗಲೂ ಸೌಹಾರ್ದವೇ ಮೊದಲಾಗಬೇಕೆ?

ಮೊದಲ ಪ್ರತಿಕ್ರಿಯೆ ನೀಡಿದವರು:
ಖಂಡಿತ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಎರಡು ಪಕ್ಷಗಳ ನಡುವೆ ಇದ್ದ ಸಾಮರಸ್ಯಕ್ಕೆ ಒಂದು ಕಾರಣ, ದಕ್ಷಿಣದ ರಾಜ್ಯಗಳ ವರ್ಣಭೇದದ ಪ್ರಶ್ನೆಯನ್ನು ಇಬ್ಬರೂ ಬಹುಮಟ್ಟಿಗೆ ಬದಿಗಿಟ್ಟಿದ್ದು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಪಕ್ಷಗಳು ಆ ರೇಖೆಯ ಮೇಲೆ ಕ್ರಮೇಣ ದೂರ ಸರಿದವು. ಅಂಥ ಬಿರುಕನ್ನು ರೋಗವೆಂದು ಕರೆಯಲು ನಾನು ಸಿದ್ಧನಿಲ್ಲ. ಕಾಯ್ದೆಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅನ್ಯಾಯದೊಂದಿಗೆ ರಾಜಿಯಾಗಲಿಲ್ಲ, ಅನ್ಯಾಯ ಮಾಡಿದವರನ್ನು ದ್ವೇಷಿಸಲು ತಮ್ಮ ಅನುಯಾಯಿಗಳಿಗೆ ಹೇಳಿಕೊಡಲೂ ಇಲ್ಲ.