ಅಪ್‌ಡೇಟ್: ಹಳೆಯ ಶೈಲಿಯ ಕೆಂಪು ಲಿಪ್‌ಸ್ಟಿಕ್ ಗೋಧಿ ಮೈಬಣ್ಣಕ್ಕೆ ಒಪ್ಪಿತೇ?

ತುಮಕೂರಿನಲ್ಲಿ ನಡೆಯಲಿದ್ದ ಅಕ್ಕನ ಆರತಕ್ಷತೆಗೆ, ಅಜ್ಜಿಯ ಕಡುಹಸಿರು ರೇಷ್ಮೆ ಸೀರೆಯ ಜೊತೆ 1940ರ ದಶಕದ ಶೈಲಿಯ ಕೆಂಪು ಲಿಪ್‌ಸ್ಟಿಕ್ ನನ್ನ ಗೋಧಿ ಮೈಬಣ್ಣಕ್ಕೆ ಒಪ್ಪುತ್ತದೆಯೇ ಎಂದು ಕೇಳಿದ್ದೆ. ಕಿತ್ತಳೆ ಛಾಯೆಯದಕ್ಕಿಂತ ನೀಲಿ ಛಾಯೆ ಬೆರೆತ ಗಾಢ ಕೆಂಪನ್ನು ಆರಿಸಿಕೊಳ್ಳುವಂತೆ ಹೆಚ್ಚಿನವರು ಸೂಚಿಸಿದ್ದಿರಿ. ಆ ಸಲಹೆ ಫಲಿಸಿತು.

ಎಂ.ಜಿ. ರಸ್ತೆಯ ಅಂಗಡಿಯ ಬಿಳಿ ದೀಪದಡಿ ಎರಡೂ ಬಗೆಯ ಕೆಂಪು ಒಂದೇ ರೀತಿ ಕಂಡವು. ಆದರೆ ಹೊರಗೆ ಬಂದು ಹಗಲ ಬೆಳಕಿನಲ್ಲಿ ಕನ್ನಡಿ ನೋಡಿದಾಗ, ಕಿತ್ತಳೆ ಛಾಯೆಯದು ಹಲ್ಲಿನ ಹಳದಿಯನ್ನು ಎತ್ತಿ ತೋರಿಸಿದರೆ, ನೀಲಿ ಛಾಯೆಯದು ಹಲ್ಲನ್ನು ಬೆಳ್ಳಗೆ ಕಾಣಿಸಿ ಸೀರೆಯ ಹಸಿರಿಗೂ ಸೊಗಸಾಗಿ ಹೊಂದಿಕೊಂಡಿತು. ಬಣ್ಣವನ್ನು ಹಗಲ ಬೆಳಕಿನಲ್ಲೇ ನಿರ್ಧರಿಸಿರಿ ಎಂದು ನಾನು ಒತ್ತಿ ಹೇಳುತ್ತೇನೆ.

ಆ ಕಾಲದ ನೋಟಕ್ಕೆ ಹೊಳಪಿಲ್ಲದ ಮ್ಯಾಟ್ ಲಿಪ್‌ಸ್ಟಿಕ್ ಬೇಕಿತ್ತು. ಅದರಲ್ಲಿ ಎಣ್ಣೆಯ ಅಂಶ ಕಡಿಮೆ ಇರುವುದರಿಂದ ತುಟಿಯ ಒಣಗಿದ ಸಿಪ್ಪೆಯೆಲ್ಲ ಎದ್ದು ಕಾಣುತ್ತದೆ. ಮೊದಲು ಲಿಪ್ ಬಾಮ್ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಒರೆಸಿ, ಪೆನ್ಸಿಲ್‌ನಿಂದ ಮೇಲ್ದುಟಿಯ ಕಮಾನನ್ನು ಸ್ಪಷ್ಟವಾಗಿ ಬರೆದುಕೊಂಡು, ಒಂದು ಪದರ ಹಚ್ಚಿ ಟಿಶ್ಯೂ ಕಾಗದದಿಂದ ಒತ್ತಿ, ಬಳಿಕ ಎರಡನೆಯ ಪದರ ಹಚ್ಚಿದೆ. ಕಾಫಿಗೆ ಬಣ್ಣ ಜಗ್ಗಲಿಲ್ಲ. ತುಪ್ಪ ಸುರಿದ ಒಬ್ಬಟ್ಟು ಮಾತ್ರ ತುಟಿಯ ಒಳಭಾಗದ ಬಣ್ಣವನ್ನು ಕರಗಿಸಿತು, ಏಕೆಂದರೆ ಮೇಣ ಮತ್ತು ಎಣ್ಣೆಯಿಂದಾದ ಲಿಪ್‌ಸ್ಟಿಕ್ ಜಿಡ್ಡಿಗೆ ಬೇಗ ಸಡಿಲಗೊಳ್ಳುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞೆ ಹೇಜಲ್ ಬಿಷಪ್ ಸುಲಭವಾಗಿ ಅಳಿಯದ ಲಿಪ್‌ಸ್ಟಿಕ್ಕನ್ನು ಮಾರುಕಟ್ಟೆಗೆ ತಂದದ್ದು 1950ರಲ್ಲಿ. ಅದಕ್ಕೂ ಹಿಂದಿನ ಹೆಂಗಸರು ಊಟದ ನಂತರ ಮತ್ತೆ ಹಚ್ಚಿಕೊಳ್ಳುತ್ತಿದ್ದಂತೆ ನಾನೂ ಹಚ್ಚಿಕೊಂಡೆ. ಸಲಹೆ ನೀಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.