ಅಪ್‌ಡೇಟ್: ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯಾಗ್ತಿದ್ದದ್ದು ಫ್ಯಾನ್ ರೆಸಿಸ್ಟರ್‌ನಿಂದ

ನನ್ನ ಕಾರು ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತೆ, ಗಾಡಿ ಓಡಿದರೆ ತಾನೇ ಇಳಿಯುತ್ತೆ, ಕಾರಣ ಏನಿರಬಹುದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಸರಿಹೋಯ್ತು.

ಥರ್ಮೋಸ್ಟಾಟ್ (ಎಂಜಿನ್ ಕಾದಾಗ ತೆರೆದು ಕೂಲಂಟ್, ಅಂದ್ರೆ ತಂಪಾಗಿಸೋ ದ್ರವ, ಹರಿಯಲು ಬಿಡೋ ವಾಲ್ವ್) ಕೆಟ್ಟಿರಬೇಕು ಅಂದವರೇ ಜಾಸ್ತಿ. ಬಿಚ್ಚಿ ಬಿಸಿನೀರಲ್ಲಿಟ್ಟು ನೋಡಿದರೆ, ಅದರ ಮೇಲೇ ಅಚ್ಚಾಗಿದ್ದ 82 ಡಿಗ್ರಿ ಹತ್ತಿರ ಸರಿಯಾಗಿ ಬಾಯಿಬಿಡ್ತು. ಆ ದ್ರವ ತಣಿಸೋ ರೇಡಿಯೇಟರ್‌ಗೆ ಹೊಸ ಕ್ಯಾಪ್ ಹಾಕಿದರೂ ವ್ಯತ್ಯಾಸ ಆಗಲಿಲ್ಲ. ಕೂಲಂಟ್ ಇಳೀತಿರಲಿಲ್ಲ, ಗುಳ್ಳೆಯೂ ಬರ್ತಿರಲಿಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮುಟ್ಟಲಿಲ್ಲ.

ದಾರಿ ತೋರಿಸಿದ್ದು "ಎಸಿ ಹಾಕಿ ಫ್ಯಾನ್ ನೋಡಿ" ಎಂದವರ ಮಾತು. ರೇಡಿಯೇಟರ್‌ಗೆ ಗಾಳಿ ಎಳೆಯೋ ಇದು ಎರಡು ಸ್ಪೀಡಿನ ಫ್ಯಾನ್. ಎಸಿ ಹಾಕಿದಾಗ ನಿಧಾನವಾಗಿಯಾದರೂ ತಿರುಗಬೇಕು, ಅಲ್ಲಾಡಲಿಲ್ಲ. ಫ್ಯೂಸ್, ರಿಲೇ ಸರಿ. ಮೋಟರ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ಜೋರಾಗೇ ತಿರುಗಿತು. ಉಳಿದದ್ದು ಫ್ಯಾನ್ ಶ್ರೌಡ್ (ಸುತ್ತಲಿನ ಚೌಕಟ್ಟು) ಮೇಲಿನ ಲೋ ಸ್ಪೀಡ್ ರೆಸಿಸ್ಟರ್, ಅಂದ್ರೆ ಕರೆಂಟ್ ತಗ್ಗಿಸಿ ಫ್ಯಾನ್ ನಿಧಾನವಾಗಿ ತಿರುಗಿಸೋ ಭಾಗ. ಮಲ್ಟಿಮೀಟರ್‌ನಲ್ಲಿ 1 ಓಮ್‌ಗೂ ಕಮ್ಮಿ ಬರಬೇಕಾದದ್ದು ಪೂರ್ತಿ ಓಪನ್, ಅಂದ್ರೆ ಕರೆಂಟ್ ದಾಟೋದೇ ಇಲ್ಲ! ಇದು ಸುಟ್ಟರೂ ಹೈ ಸ್ಪೀಡ್ ಕೆಲಸ ಮಾಡುತ್ತೆ, ಆದರೆ ಎಂಜಿನ್ ಚೆನ್ನಾಗಿ ಕಾದ ಮೇಲೆ ಮಾತ್ರ. "ಫ್ಯಾನ್ ಓಡ್ತಿದೆಯಲ್ಲ" ಅಂತ ಮೆಕ್ಯಾನಿಕ್‌ಗಳೂ ಮೋಸಹೋಗೋದು ಇಲ್ಲೇ.

ನಿರೀಕ್ಷಿಸದೇ ಇದ್ದದ್ದು ಇನ್ನೊಂದು: ಎಸಿ ಕಂಡೆನ್ಸರ್‌ಗೂ (ರೇಡಿಯೇಟರ್ ಮುಂದಿರೋ, ಎಸಿ ಗ್ಯಾಸ್ ತಣಿಸೋ ಜಾಲರಿ) ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಧೂಳು, ಹುಳುಗಳ ದಪ್ಪ ಪದರ. ಮುಂದಿನಿಂದ ನೋಡಿದರೆ ಎಲ್ಲ ಫಳಫಳ. ಎಂಜಿನ್ ಕಡೆಯಿಂದ ಹೊರಕ್ಕೆ, ಕಮ್ಮಿ ಒತ್ತಡದ ನೀರಲ್ಲಿ ತೊಳೀಬೇಕು. ಪ್ರೆಶರ್ ವಾಷರ್ ಹಿಡಿದರೆ ಫಿನ್ (ಜಾಲರಿಯ ತೆಳು ಲೋಹದ ಪಟ್ಟಿ) ಮಡಚಿಕೊಳ್ಳುತ್ತೆ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಬಿಡಿ; ಇಲ್ಲದಿದ್ದರೆ ಎಂಜಿನ್ ಆಫ್ ಇದ್ದರೂ ಫ್ಯಾನ್ ದಿಢೀರನೆ ಶುರುವಾಗಬಹುದು.

ರೆಸಿಸ್ಟರ್ ಬದಲಿಸಿ, ಸಂದಿ ತೊಳೆದ ಮೇಲೆ ಈಗ ಎಸಿ ಹಾಕಿಕೊಂಡು ನಿಂತಲ್ಲೇ ನಿಂತರೂ ಮುಳ್ಳು ಅರ್ಧ ದಾಟಲ್ಲ.